ಮದ್ಯವ್ಯಸನಿಗಳ ಜಠರಕ್ಕೆ ಎರಗುವ ಶಿಲೀಂಧ್ರ



ಈ ಸಂಚಿಕೆಯಲ್ಲಿ ಬಹು ಅಪರೂಪವಾದ ಒಂದು ರೋಗದ ವಿಚಾರವನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಮಧುಮೇಹ, ಸಂಧಿವಾತ, ರಕ್ತದೊತ್ತಡಗಳಂತಹ ಮನೆಮನೆಯ ಕಾಯಿಲೆಗಳಿರುವಾಗ ಅಪರೂಪದ ರೋಗದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ರೋಗವು ಅಪರೂಪವಾದರೂ ಅದಕ್ಕೆ ದಾರಿ ಮಾಡಿಕೊಡುವ ಚಟವು ಅಪರೂಪವಲ್ಲ. ಅದರ ಮೊದಲ ಲಕ್ಷಣಗಳೂ ಅಪರೂಪವಲ್ಲ. ಹೊಟ್ಟೆಯುರಿ, ವಾಕರಿಕೆ, ಹಸಿವಿಲ್ಲದಿರುವುದು ಇವುಗಳನ್ನು ನಾವೆಲ್ಲರೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತಿನಲ್ಲಿ ಕಟ್ಟಿ ಮೂಲೆಗಿಡುತ್ತೇವೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಐವತ್ತರ ಆಸುಪಾಸಿನ ರೈತರೊಬ್ಬರು ಪತ್ನಿಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದರು. “ಗ್ಯಾಸ್ಟ್ರಿಕ್ ಆಗೇತ್ರಿ ಸಾಹೇಬ್ರ, ಒಂದೀಟು ಚೂರ್ಣ ಕೊಡ್ರಿ” ಎಂದರು. ಮೇಲುಹೊಟ್ಟೆಯಲ್ಲಿ ನೋವು, ಉರಿ, ಊಟ ಸೇರುತ್ತಿಲ್ಲ ಎಂದು ತಿಳಿಸಿದರು. ಅವರು ಕುಡಿಯುತ್ತಾರೆಂಬುದು ನನಗೆ ತಿಳಿದಿತ್ತು. ಎಷ್ಟು ಕುಡಿಯುತ್ತಾರೆಂದು ನಾನು ಕೇಳಲಿಲ್ಲ. ಪತ್ನಿಯ ಎದುರಿಗೆ ಆ ಪ್ರಶ್ನೆ ಬೇಡವೆಂಬ ಸಂಕೋಚ. ಮಲದ ಬಣ್ಣವನ್ನೂ ಕೇಳಲಿಲ್ಲ. ಅಮ್ಲಪಿತ್ತವೆಂದು ನಿರ್ಧರಿಸಿ, ಅವಿಪತ್ತಿಕರ ಚೂರ್ಣವನ್ನು ಕೊಟ್ಟು, ಖಾರ ಬಿಡಿ, ಎಂಟು ದಿನ ಬಿಟ್ಟು ಬನ್ನಿ ಎಂದು ಕಳುಹಿಸಿದೆ.

ಎಂಟನೆಯ ದಿನ ಅವರನ್ನು ಇಬ್ಬರು ಹಿಡಿದುಕೊಂಡು ಕರೆತಂದರು. ಮುಖ ಬಿಳಿಚಿಕೊಂಡಿತ್ತು, ನಾಡಿ ವೇಗವಾಗಿ ಕ್ಷೀಣವಾಗಿ ಓಡುತ್ತಿತ್ತು. ಒಂದು ವಾರದಿಂದ ಮಲವು ಡಾಂಬರಿನಂತೆ ಕಪ್ಪಾಗಿ ಹೋಗುತ್ತಿತ್ತೆಂದು ಆ ತಾಯಿ ಆಗ ಹೇಳಿದರು. ಕೂಡಲೇ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ಎಂಡೋಸ್ಕೋಪಿ ಮಾಡಿದಾಗ ಜಠರದ ಮೇಲ್ಭಾಗದಲ್ಲಿ ಕಪ್ಪುಗಟ್ಟಿದ ದೊಡ್ಡ ಹುಣ್ಣು ಕಂಡಿತು. ಅದರ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಅದು ಮ್ಯೂಕರ್ ಜಾತಿಯ ಶಿಲೀಂಧ್ರದ ಸೋಂಕೆಂದು ತಿಳಿಯಿತು. ಶಸ್ತ್ರಚಿಕಿತ್ಸೆಯಾಯಿತು, ಔಷಧಿಯೂ ನಡೆಯಿತು. ಅವರು ಉಳಿಯಲಿಲ್ಲ.

ಎಂಟು ದಿನ ಮೊದಲೇ ಕಳುಹಿಸಿದ್ದರೆ ಬದುಕುತ್ತಿದ್ದರೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಆ ಎಂಟು ದಿನಗಳು ಅವರಿಗೆ ದೊರೆಯದೆ ಹೋದುದಕ್ಕೆ ನಾನು ಕೇಳದೆ ಬಿಟ್ಟ ಎರಡು ಪ್ರಶ್ನೆಗಳು ಕಾರಣವೆಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಈ ಲೇಖನವನ್ನು ಆ ಎರಡು ಪ್ರಶ್ನೆಗಳಿಗಾಗಿಯೇ ಬರೆಯುತ್ತಿದ್ದೇನೆ.

ಶಿಲೀಂಧ್ರವೆಂಬುದು ಹೊಸ ಶತ್ರುವಲ್ಲ

ಶಿಲೀಂಧ್ರಗಳು ಸಸ್ಯಗಳೂ ಅಲ್ಲ, ಪ್ರಾಣಿಗಳೂ ಅಲ್ಲ. ಅವು ಪ್ರತ್ಯೇಕವಾದ ಒಂದು ಜೀವವರ್ಗ. ಮಳೆಗಾಲದ ಅಣಬೆ, ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಇವೆಲ್ಲ ಇದೇ ವರ್ಗಕ್ಕೆ ಸೇರಿದವು. ಸಕ್ಕರೆಯ ಅಂಶವನ್ನು ಮದ್ಯವನ್ನಾಗಿ ಮಾರ್ಪಡಿಸುವುದೂ ಯೀಸ್ಟ್ ಎಂಬ ಶಿಲೀಂಧ್ರವೇ.

ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ, ಮಣ್ಣಿನಲ್ಲಿ, ಗೊಬ್ಬರದ ಗುಂಡಿಯಲ್ಲಿ, ಕೊಳೆತ ಹಣ್ಣಿನಲ್ಲಿ ಎಲ್ಲೆಲ್ಲಿಯೂ ಇವೆ. ಪ್ರತಿದಿನವೂ ಉಸಿರಿನೊಡನೆ, ಅನ್ನದೊಡನೆ ಅವು ನಮ್ಮ ಶರೀರವನ್ನು ಪ್ರವೇಶಿಸುತ್ತವೆ. ಹಾಗಿದ್ದೂ ನಮಗೇನೂ ಆಗುವುದಿಲ್ಲ. ಬಹುಪಾಲು ಶಿಲೀಂಧ್ರಗಳು ನಮ್ಮ ಶರೀರದ 37 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೆಳೆಯಲಾರವು. ಬೆಳೆಯಬಲ್ಲ ಕೆಲವನ್ನು ನಮ್ಮ ಲೋಳೆಪೊರೆ, ಜಠರದ ಆಮ್ಲ ಮತ್ತು ರಕ್ತದ ಬಿಳಿಯ ಕಣಗಳು ನಾಶಪಡಿಸುತ್ತವೆ. ಸಿಕ್ಕಿಂ, ಡಾರ್ಜಿಲಿಂಗ್ ಪ್ರದೇಶಗಳಲ್ಲಿ ರಾಗಿಯಿಂದ ಮದ್ಯ ತಯಾರಿಸಲು ‘ಮರ್ಚಾ’ ಎಂಬ ಹುದುಗಿನ ಬಿಲ್ಲೆಯನ್ನು ಬಳಸುತ್ತಾರೆ. ಅದರಲ್ಲಿ ರೈಜೋಪಸ್, ಮ್ಯೂಕರ್ ಎಂಬ ಶಿಲೀಂಧ್ರಗಳೇ ಇರುತ್ತವೆ. ಮನುಷ್ಯನ ಜಠರವನ್ನು ಕೊಳೆಯಿಸಬಲ್ಲ ಜಾತಿಗಳೂ ಇವೇ ಕುಲಗಳಿಗೆ ಸೇರಿದವು. ಅಂದರೆ, ರೋಗ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಶರೀರದ ರಕ್ಷಣಾಬಲವನ್ನು ಅವಲಂಬಿಸಿದೆ.

2021ರಲ್ಲಿ ಕೊರೊನಾದ ಎರಡನೆಯ ಅಲೆಯ ಸಂದರ್ಭದಲ್ಲಿ ‘ಕಪ್ಪು ಶಿಲೀಂಧ್ರ’ದ ಹೆಸರನ್ನು ತಾವೆಲ್ಲರೂ ಕೇಳಿದ್ದೀರಿ. ಆ ವರ್ಷ ಜೂನ್ ಅಂತ್ಯದೊಳಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ತಗುಲಿತ್ತು. ಅಂದು ಅದು ಮೂಗು, ಕಣ್ಣು, ದವಡೆಗಳನ್ನು ಹೆಚ್ಚಾಗಿ ಬಾಧಿಸಿತು. ವೈದ್ಯರು ಅದನ್ನು ಮ್ಯೂಕರ್‌ಮೈಕೋಸಿಸ್ ಎನ್ನುತ್ತಾರೆ. ಅದೇ ರೋಗವು ಬೀಜಾಣುಗಳನ್ನು ನುಂಗಿದಾಗ ಜೀರ್ಣಾಂಗದಲ್ಲಿಯೂ ಕಾಣಿಸಿಕೊಳ್ಳಬಲ್ಲದು. ಇದೇನೂ ಇಂದಿನ ರೋಗವಲ್ಲ. ಪಾಲ್ಟಾಫ್ ಎಂಬ ವೈದ್ಯರು 1885ರಲ್ಲಿಯೇ ಮನುಷ್ಯನಲ್ಲಿ ಈ ಸೋಂಕನ್ನು ವಿವರಿಸಿದ್ದರು.

ಜೀರ್ಣಾಂಗವನ್ನು ಬಾಧಿಸುವ ಶಿಲೀಂಧ್ರಗಳು

ಮೊದಲನೆಯದು ಕ್ಯಾಂಡಿಡಾ. ಇದು ಆರೋಗ್ಯವಂತರ ಬಾಯಿ, ಕರುಳುಗಳಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ವಾಸಿಸುತ್ತದೆ. ಬಲ ಕುಂದಿದವರಲ್ಲಿ ಹೆಚ್ಚಾಗಿ ಬೆಳೆದು ಬಾಯಿಯಲ್ಲಿ, ಅನ್ನನಾಳದಲ್ಲಿ ಮೊಸರಿನ ಕೆನೆಯಂತಹ ಬಿಳಿಯ ಪದರವನ್ನು ಕಟ್ಟುತ್ತದೆ. ಆಗ ನುಂಗುವಾಗ ಎದೆಯ ನಡುವೆ ನೋವಾಗುತ್ತದೆ. ಇದು ಅಷ್ಟೇನೂ ಅಪರೂಪವಲ್ಲ, ಸಾಮಾನ್ಯವಾಗಿ ಔಷಧಿಗೆ ಬಗ್ಗುತ್ತದೆ. ಆದರೆ ಯಕೃತ್ತು ಗಟ್ಟಿಕಟ್ಟಿ ಸಿರೋಸಿಸ್ ಆಗಿ, ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಇದೇ ಕ್ಯಾಂಡಿಡಾ ಕರುಳಿನ ಗೋಡೆಯನ್ನು ದಾಟಿ ಆ ನೀರನ್ನು ಸೇರಿದರೆ ಪ್ರಾಣಾಂತಿಕವಾಗುತ್ತದೆ.

ಎರಡನೆಯದು ಆಗಲೇ ಹೇಳಿದ ಮ್ಯೂಕರ್ ವರ್ಗ. ಜೀರ್ಣಾಂಗದಲ್ಲಿ ಇದು ಹೆಚ್ಚಾಗಿ ಜಠರವನ್ನು, ಆಮೇಲೆ ದೊಡ್ಡ ಕರುಳನ್ನು ಹಿಡಿಯುತ್ತದೆ. ಮೂರನೆಯದು ಆಸ್ಪರ್‌ಜಿಲಸ್. ಇದು ಮುಖ್ಯವಾಗಿ ಶ್ವಾಸಕೋಶದ ಶತ್ರು. ಕರುಳಿಗೆ ಬರುವುದು ಇನ್ನೂ ವಿರಳ. ಅತಿಯಾದ ಕುಡಿತದಿಂದ ಯಕೃತ್ತು ತೀವ್ರವಾಗಿ ಊದಿಕೊಂಡು, ಅದಕ್ಕಾಗಿ ಸ್ಟೀರಾಯ್ಡ್ ಔಷಧಿಯನ್ನು ಕೊಡಬೇಕಾಗಿ ಬಂದವರಲ್ಲಿ ಇದರ ಭಯವಿರುವುದರಿಂದ ತಜ್ಞವೈದ್ಯರು ಎಚ್ಚರದಿಂದಿರುತ್ತಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕುಡಿಯುವವರೆಲ್ಲರಿಗೂ ಮ್ಯೂಕರ್ ಸೋಂಕು ಬರುವುದಿಲ್ಲ. ಅವರಲ್ಲಿ ಜಠರದ ಸಾಮಾನ್ಯ ಹುಣ್ಣು, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುವುದು, ಮೇದೋಜ್ಜೀರಕ ಗ್ರಂಥಿಯ ಊತ, ಸಿರೋಸಿಸ್ ಇವೇ ನೂರು ಪಾಲು ಹೆಚ್ಚು. ಈ ಸೋಂಕು ಮಧುಮೇಹ ಹತೋಟಿಯಲ್ಲಿಲ್ಲದವರು, ಅಂಗಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರ್ ಇರುವವರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಇವರಲ್ಲಿಯೂ ಕಾಣುತ್ತದೆ. ಆದರೆ ಮದ್ಯವ್ಯಸನಿಯಲ್ಲಿ ಅನೇಕ ಅಪಾಯಗಳು ಒಟ್ಟಿಗೆ ಕೂಡಿಬರುತ್ತವೆ.

ಮದ್ಯವು ಶರೀರದ ಕಾವಲನ್ನು ಕೆಡಿಸುವ ಬಗೆ

ಶರೀರಕ್ಕೆ ಒಂದರ ಹಿಂದೆ ಒಂದರಂತೆ ಹಲವು ಕಾವಲುಗಳಿವೆ. ಮದ್ಯವು ಅವುಗಳಲ್ಲಿ ಯಾವುದನ್ನೂ ಬಿಡುವುದಿಲ್ಲ.

ಮೊದಲ ಕಾವಲು ಜಠರದ ಒಳಗಿನ ಲೋಳೆಪೊರೆ. ನೀರು ಬೆರೆಸದ ತೀಕ್ಷ್ಣ ಮದ್ಯವು ಬರಿಹೊಟ್ಟೆಗೆ ಬಿದ್ದಾಗ ಈ ಪೊರೆ ಸುಟ್ಟಂತಾಗಿ ಅಲ್ಲಲ್ಲಿ ಕಿತ್ತುಹೋಗುತ್ತದೆ. ಕುಡಿದ ಮರುದಿನ ತಲೆನೋವು, ಮೈಕೈನೋವುಗಳಿಗೆಂದು ನುಂಗುವ ಮಾತ್ರೆಗಳು ಆ ಗಾಯವನ್ನು ಮತ್ತಷ್ಟು ಆಳಗೊಳಿಸುತ್ತವೆ.

ಎರಡನೆಯದು ಜಠರದ ಆಮ್ಲ. ಅನ್ನದೊಡನೆ ಬಂದ ಅನೇಕ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಅದರ ಕೆಲಸ. ಬಹುಕಾಲ ಕುಡಿದ ಕೆಲವರಲ್ಲಿ ಆಮ್ಲವನ್ನು ಸ್ರವಿಸುವ ಗ್ರಂಥಿಗಳು ಸೊರಗುತ್ತವೆ. ಜೊತೆಗೆ ಉರಿಗೆಂದು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವ ಆಮ್ಲನಿರೋಧಕ ಮಾತ್ರೆಗಳೂ ಈ ಕಾವಲನ್ನು ಸಡಿಲಿಸುತ್ತವೆ.

ಮೂರನೆಯದು ಕರುಳಿನಲ್ಲಿರುವ ಹಿತಕಾರಿ ಬ್ಯಾಕ್ಟೀರಿಯಾಗಳ ಸಮೂಹ. ಮದ್ಯದಿಂದ ಇವುಗಳ ಸಮತೋಲ ಕೆಟ್ಟು ಕ್ಯಾಂಡಿಡಾದಂತಹ ಶಿಲೀಂಧ್ರಗಳು ಹೆಚ್ಚುತ್ತವೆ. ಕರುಳಿನ ಗೋಡೆಯೂ ಸಡಿಲಗೊಂಡು ವಿಷಾಂಶಗಳು ರಕ್ತಕ್ಕೆ ಸೋರುತ್ತವೆ.

ನಾಲ್ಕನೆಯದು ರಕ್ತದ ಬಿಳಿಯ ಕಣಗಳು. ಶಿಲೀಂಧ್ರವನ್ನು ಸುತ್ತುವರಿದು ಕೊಲ್ಲುವ ಸೈನಿಕರು ಇವು. ಮದ್ಯವು ಇವುಗಳು ಹುಟ್ಟುವ ಅಸ್ಥಿಮಜ್ಜೆಯನ್ನು ಕುಗ್ಗಿಸುತ್ತದೆ. ಹುಟ್ಟಿದವುಗಳ ಚಲನೆಯನ್ನೂ ಕೊಲ್ಲುವ ಶಕ್ತಿಯನ್ನೂ ತಗ್ಗಿಸುತ್ತದೆ. ಊಟ ಬಿಟ್ಟು ಕುಡಿಯುವವರಲ್ಲಿ ಪ್ರೋಟೀನು, ಸತು, ಜೀವಸತ್ತ್ವಗಳ ಕೊರತೆಯೂ ಇದಕ್ಕೆ ಸೇರುತ್ತದೆ.

ಐದನೆಯದು ಯಕೃತ್ತು. ಕರುಳಿನಿಂದ ಬಂದ ರಕ್ತವನ್ನು ಶೋಧಿಸಿ ಸೂಕ್ಷ್ಮಜೀವಿಗಳನ್ನು ಹಿಡಿದಿಡುವ ಜರಡಿ ಅದು. ಯಕೃತ್ತು ಗಟ್ಟಿಕಟ್ಟಿದಾಗ ರಕ್ತವು ಆ ಜರಡಿಯನ್ನು ಬಳಸಿಕೊಂಡು ಹೊರಗಿನ ದಾರಿಯಲ್ಲಿ ಹರಿಯತೊಡಗುತ್ತದೆ.

ಇಷ್ಟಲ್ಲದೆ ಮ್ಯೂಕರ್ ಶಿಲೀಂಧ್ರಕ್ಕೆ ವಿಶೇಷವಾಗಿ ಪ್ರಿಯವಾದ ಒಂದು ಆಹಾರವಿದೆ. ಅದು ಕಬ್ಬಿಣದ ಅಂಶ. ಆರೋಗ್ಯವಂತರ ರಕ್ತದಲ್ಲಿ ಕಬ್ಬಿಣವು ಒಂದು ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಶಿಲೀಂಧ್ರಕ್ಕೆ ದೊರೆಯುವುದಿಲ್ಲ. ಹಲವು ದಿನ ಊಟವಿಲ್ಲದೆ ಕುಡಿದು, ವಾಂತಿಯಾಗುತ್ತಿರುವವರ ರಕ್ತದಲ್ಲಿ ಕೀಟೋನುಗಳೆಂಬ ಆಮ್ಲಗಳು ತುಂಬಿಕೊಳ್ಳುತ್ತವೆ. ರಕ್ತವು ಆಮ್ಲೀಯವಾದಾಗ ಆ ಪ್ರೋಟೀನು ಕಬ್ಬಿಣದ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ. ದೀರ್ಘಕಾಲದ ಕುಡಿತದಿಂದ ಯಕೃತ್ತಿನಲ್ಲಿಯೂ ಕಬ್ಬಿಣ ಸಂಚಯವಾಗುತ್ತದೆ. ಮೇದೋಜ್ಜೀರಕ ಗ್ರಂಥಿ ಹಾಳಾಗಿ ಮಧುಮೇಹವೂ ಬಂದಿದ್ದರೆ ಸಕ್ಕರೆಯೂ ಸಿದ್ಧವಾಗಿರುತ್ತದೆ. ಮನೆಯ ಮೂಲೆಯಲ್ಲಿ ನಿರಪಾಯವಾಗಿದ್ದ ಬೂಷ್ಟು ಇಂತಹ ಶರೀರದಲ್ಲಿ ಬೇರೂರುತ್ತದೆ.

ಜಠರದೊಳಗೆ ನಡೆಯುವುದೇನು?

ಬೀಜಾಣುವು ಗಾಯಗೊಂಡ ಲೋಳೆಪೊರೆಯಲ್ಲಿ ಮೊಳೆತು ದಾರದಂತಹ ಎಳೆಗಳನ್ನು ಬಿಡುತ್ತದೆ. ಈ ಎಳೆಗಳು ರಕ್ತನಾಳಗಳ ಗೋಡೆಯನ್ನು ಕೊರೆದು ಒಳಹೊಕ್ಕು ಬೆಳೆಯುತ್ತವೆ. ಆಗ ನಾಳದೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ನೀರು ಹರಿಯದ ಕಾಲುವೆಯ ಅಂಚಿನ ಬೆಳೆ ಒಣಗುವಂತೆ ರಕ್ತ ಹರಿಯದ ಭಾಗವು ಸತ್ತು ಕಪ್ಪಾಗುತ್ತದೆ. ‘ಕಪ್ಪು ಶಿಲೀಂಧ್ರ’ ಎಂಬ ಹೆಸರು ಬಂದುದು ಈ ಸತ್ತ ಮಾಂಸದ ಬಣ್ಣದಿಂದಲೇ ಹೊರತು ಶಿಲೀಂಧ್ರದ ಬಣ್ಣದಿಂದಲ್ಲ. ಸತ್ತ ಭಾಗಕ್ಕೆ ರಕ್ತವೇ ಹೋಗದಿರುವುದರಿಂದ ಔಷಧಿಯೂ ಅಲ್ಲಿಗೆ ತಲುಪುವುದಿಲ್ಲ. ಶಸ್ತ್ರಚಿಕಿತ್ಸೆ ಬೇಕಾಗುವುದು ಇದಕ್ಕಾಗಿಯೇ. ಹಾಗೆಯೇ ಬಿಟ್ಟರೆ ಜಠರದ ಗೋಡೆ ತೂತಾಗಬಹುದು, ರಕ್ತಸ್ರಾವವಾಗಬಹುದು, ಸೋಂಕು ಪಕ್ಕದ ಅಂಗಗಳಿಗೂ ಹರಡಬಹುದು.

ಅಲಕ್ಷಿಸಬಾರದ ಲಕ್ಷಣಗಳು

ಈ ರೋಗಕ್ಕೆಂದೇ ಮೀಸಲಾದ ಲಕ್ಷಣ ಯಾವುದೂ ಇಲ್ಲ. ಹಿಂದಿನ ಕಾಲದಲ್ಲಿ ಬಹುಪಾಲು ಪ್ರಸಂಗಗಳು ಮರಣೋತ್ತರ ಪರೀಕ್ಷೆಯಲ್ಲಿಯೇ ಪತ್ತೆಯಾಗುತ್ತಿದ್ದುದು ಇದರಿಂದಲೇ. ಆದುದರಿಂದ ನಿತ್ಯ ಕುಡಿಯುವವರಲ್ಲಿ ಕೆಳಗಿನ ಯಾವುದೇ ಲಕ್ಷಣ ಕಂಡರೂ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬಾರದು:

1. ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ದುರ್ವಾಸನೆಯಿಂದ ಕೂಡಿ ಹೋಗುವುದು.
2. ರಕ್ತವಾಂತಿ, ಅಥವಾ ಕಾಫಿಪುಡಿಯ ಚರಟದಂತಹ ವಾಂತಿ.
3. ಔಷಧಿಗೂ ತಗ್ಗದ ಮೇಲುಹೊಟ್ಟೆಯ ನೋವು. ಅದರಲ್ಲಿಯೂ ಜ್ವರದೊಡನೆ ಬರುವ ನೋವು.
4. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು ಅಥವಾ ಒಮ್ಮೆಲೇ ಉಬ್ಬುವುದು.
5. ನುಂಗುವಾಗ ನೋವು, ಅನ್ನ ಎದೆಯಲ್ಲಿ ನಿಂತಂತಾಗುವುದು.
6. ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುವುದು, ತಣ್ಣನೆಯ ಬೆವರು, ಮಾತು ತೊದಲುವುದು, ಗೊಂದಲ.

ಕಬ್ಬಿಣದ ಮಾತ್ರೆಗಳಿಂದಲೂ, ನಮ್ಮ ಲೋಹಭಸ್ಮ, ಮಂಡೂರಭಸ್ಮಗಳಿಂದಲೂ ಮಲ ಕಪ್ಪಾಗುತ್ತದೆಂಬುದು ನಿಜ. ಆದರೆ ಅದು ಡಾಂಬರಿನಂತೆ ಅಂಟಾಗಿರುವುದಿಲ್ಲ, ಆ ದುರ್ವಾಸನೆಯೂ ಇರುವುದಿಲ್ಲ. ಸಂದೇಹವಿದ್ದರೆ ಮಲಪರೀಕ್ಷೆ, ರಕ್ತಪರೀಕ್ಷೆಗಳಿಂದ ನಿರ್ಧರಿಸಬೇಕೇ ಹೊರತು ಊಹೆಯಿಂದಲ್ಲ. ಈ ಲಕ್ಷಣಗಳ ಹಿಂದೆ ಶಿಲೀಂಧ್ರವೇ ಇರುವುದು ತೀರ ಅಪರೂಪ. ಶಿಲೀಂಧ್ರವಲ್ಲದಿದ್ದರೂ ಅಲ್ಲಿ ಇರುವುದು ಅಷ್ಟೇ ಅವಸರದ ಇನ್ನೊಂದು ರೋಗವಾಗಿರುತ್ತದೆ. ಆದ್ದರಿಂದ ಆಸ್ಪತ್ರೆಗೆ ಹೋದುದು ಎಂದಿಗೂ ವ್ಯರ್ಥವಾಗುವುದಿಲ್ಲ.

ಪರೀಕ್ಷೆ ಮತ್ತು ಚಿಕಿತ್ಸೆ

ಬಾಯಿಯ ಮೂಲಕ ಸಣ್ಣ ಕೊಳವೆಯನ್ನಿಳಿಸಿ ಜಠರವನ್ನು ಕಣ್ಣಾರೆ ನೋಡುವುದೇ ಎಂಡೋಸ್ಕೋಪಿ. ಅನೇಕರು ಇದಕ್ಕೆ ಅಂಜುತ್ತಾರೆ. ನೋಡುವ ಕೆಲಸ ಕೆಲವೇ ನಿಮಿಷಗಳದು. ಹುಣ್ಣಿನ ಅಂಚಿನಿಂದ ಚೂರನ್ನು ತೆಗೆದು ಪರೀಕ್ಷಿಸುವುದು ಬಯಾಪ್ಸಿ. ಅಲ್ಲಿ ಅಗಲವಾದ, ಪಟ್ಟಿಯಂತಹ, ಅಡ್ಡಗೋಡೆಗಳಿಲ್ಲದ ಅಥವಾ ತೀರ ವಿರಳವಾದ ಎಳೆಗಳು ಲಂಬಕೋನದಲ್ಲಿ ಕವಲೊಡೆದಿದ್ದರೆ ಅದು ಮ್ಯೂಕರ್ ವರ್ಗ. ಈ ಗುರುತು ಅತ್ಯಗತ್ಯ. ಕ್ಯಾಂಡಿಡಾಕ್ಕೆ ಕೊಡುವ ಫ್ಲುಕೊನಜೋಲ್ ಮ್ಯೂಕರ್‌ಗೆ ನಾಟುವುದಿಲ್ಲ.

ಮ್ಯೂಕರ್‌ಗೆ ಮುಖ್ಯ ಔಷಧಿ ಆಂಫೊಟೆರಿಸಿನ್-ಬಿ. ವೆನಿಜುವೆಲಾ ದೇಶದ ಒರಿನೊಕೊ ನದಿಯ ಸೀಮೆಯ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಪಡೆದ ಔಷಧಿ ಇದು. 2021ರಲ್ಲಿ ದೇಶವೆಲ್ಲ ಇದರ ಕೊರತೆಯನ್ನು ಅನುಭವಿಸಿದ್ದನ್ನು ತಾವು ನೆನೆಯಬಹುದು. ಇದನ್ನು ರಕ್ತನಾಳದ ಮೂಲಕ, ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ಮಟ್ಟವನ್ನು ಗಮನಿಸುತ್ತ, ವಾರಗಟ್ಟಲೆ ಕೊಡಬೇಕಾಗುತ್ತದೆ. ಸತ್ತ ಭಾಗವನ್ನು ಶಸ್ತ್ರದಿಂದ ತೆಗೆಯುವುದು, ರಕ್ತದ ಆಮ್ಲೀಯತೆಯನ್ನೂ ಸಕ್ಕರೆಯನ್ನೂ ಸರಿಪಡಿಸುವುದು ಜೊತೆಜೊತೆಗೆ ನಡೆಯಬೇಕು. ಇಷ್ಟೆಲ್ಲ ಮಾಡಿದರೂ ಜೀರ್ಣಾಂಗದ ಈ ಸೋಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಉಳಿದವರು ಹೆಚ್ಚಾಗಿ ಬೇಗ ಪತ್ತೆಯಾದವರು.

ಆಯುರ್ವೇದದ ದೃಷ್ಟಿ ಮತ್ತು ಅದರ ಮಿತಿ

ನಲವತ್ತು ವರ್ಷಗಳ ಸಮೀಪ ಆಯುರ್ವೇದವನ್ನೇ ನಂಬಿ ಬಾಳಿದವನು ನಾನು. ಆದುದರಿಂದಲೇ ಕೆಲವು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳುವ ಕರ್ತವ್ಯ ನನಗಿದೆ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯವನ್ನು, ಎಂದರೆ ಮದ್ಯದಿಂದಾಗುವ ವಿಕಾರಗಳನ್ನು, ವಿವರಿಸುತ್ತದೆ. ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ನೇರವಾಗಿ ವಿರುದ್ಧವೆಂಬುದು ಅಲ್ಲಿಯ ವಿಚಾರ. ಓಜಸ್ಸು ಸೌಮ್ಯ, ಸ್ನಿಗ್ಧ, ಸ್ಥಿರ. ಮದ್ಯವು ತೀಕ್ಷ್ಣ, ರೂಕ್ಷ, ಶೀಘ್ರವಾಗಿ ವ್ಯಾಪಿಸುವಂಥದು. ಅತಿಯಾದ ಮದ್ಯವು ವ್ಯಾಧಿಯನ್ನು ತಡೆಯುವ ಬಲವನ್ನೇ ಕ್ಷೀಣಗೊಳಿಸುತ್ತದೆಂಬ ಈ ತಿಳಿವಳಿಕೆ, ಬಿಳಿಯ ರಕ್ತಕಣಗಳ ಬಗ್ಗೆ ಇಂದಿನ ವೈದ್ಯವಿಜ್ಞಾನ ಹೇಳುವುದಕ್ಕೆ ಹೊಂದುತ್ತದೆ.

ಆದರೆ ನಮ್ಮ ಸಂಹಿತೆಗಳಲ್ಲಿ ಮ್ಯೂಕರ್ ಶಿಲೀಂಧ್ರದ ವರ್ಣನೆಯಿಲ್ಲ. ಕೃಮಿಗಳ ಪ್ರಕರಣದಲ್ಲಿ ಇದೂ ಅಡಗಿದೆಯೆಂದು ಹೇಳುವುದು ಶಾಸ್ತ್ರಕ್ಕೂ ರೋಗಿಗೂ ಮಾಡುವ ಅನ್ಯಾಯ. ಅರಿಶಿನ, ಬೇವು, ಬೆಳ್ಳುಳ್ಳಿಗಳ ಸಾರವು ಪ್ರಯೋಗಾಲಯದ ಬಟ್ಟಲಿನಲ್ಲಿ ಬೂಷ್ಟಿನ ಬೆಳವಣಿಗೆಯನ್ನು ತಡೆಯುವುದೇ ಬೇರೆ, ರಕ್ತನಾಳವನ್ನು ಕೊರೆದು ಕುಳಿತ ಶಿಲೀಂಧ್ರವನ್ನು ನಿವಾರಿಸುವುದೇ ಬೇರೆ. ಈ ಸೋಂಕಿಗೆ ಆಯುರ್ವೇದದಲ್ಲಿ ಔಷಧಿಯಿಲ್ಲ. ಯಾರಾದರೂ ಇದೆಯೆಂದರೆ ನಂಬಬೇಡಿ.

ಇನ್ನು ನಮ್ಮ ಔಷಧಿಗಳ ಬಗ್ಗೆಯೇ ಮೂರು ಎಚ್ಚರಿಕೆಗಳು. ದ್ರಾಕ್ಷಾಸವ, ಅಶ್ವಗಂಧಾರಿಷ್ಟ ಮೊದಲಾದ ಆಸವ-ಅರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿಯೇ ಹುಟ್ಟಿದ ಮದ್ಯಾಂಶವು ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟಿರುತ್ತದೆ. ಕುಡಿತ ಬಿಡುತ್ತಿರುವವರೂ ಯಕೃತ್ತಿನ ರೋಗವಿರುವವರೂ ಅವುಗಳನ್ನು ತಾವಾಗಿಯೇ ಸೇವಿಸಬಾರದು. ಎರಡನೆಯದಾಗಿ, ತೇವ ತಗುಲಿದ, ಗಂಟುಕಟ್ಟಿದ, ಮುಗ್ಗಲು ವಾಸನೆಯ ಚೂರ್ಣವನ್ನು ಎಸೆದುಬಿಡಿ. ಬೂಷ್ಟಿನ ಬೀಜಾಣು ಸೇರಿದ ಮೂಲಿಕೆಗಳ ಔಷಧಿಯಿಂದ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಮ್ಯೂಕರ್ ಸೋಂಕು ತಗುಲಿದ ದಾಖಲೆ ವೈದ್ಯಸಾಹಿತ್ಯದಲ್ಲಿದೆ. ಮೂರನೆಯದಾಗಿ, ಕೀಲುನೋವಿಗೂ ದಮ್ಮಿಗೂ ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳು. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸಿ, ರೋಗನಿರೋಧಕ ಬಲವನ್ನು ಇಳಿಸುತ್ತದೆ. ಕುಡಿಯುವವನ ಹೊಟ್ಟೆಗೆ ಅದೂ ಸೇರಿದರೆ ಅಪಾಯ ಇಮ್ಮಡಿಯಾಗುತ್ತದೆ.

ರೋಗ ಗುಣವಾದ ಮೇಲೆ ಅಗ್ನಿಬಲವನ್ನು ಮರಳಿ ಪಡೆಯಲು, ಪಥ್ಯಾಹಾರಕ್ಕೆ, ನಿದ್ರೆ ಮತ್ತು ಮನಸ್ಸಿನ ಸ್ಥೈರ್ಯಕ್ಕೆ ಆಯುರ್ವೇದ ಖಂಡಿತವಾಗಿಯೂ ನೆರವಾಗಬಲ್ಲದು. ಅದನ್ನು ಚಿಕಿತ್ಸೆ ನೀಡಿದ ವೈದ್ಯರಿಗೆ ತಿಳಿಸಿಯೇ ಮಾಡಬೇಕು.

ಕುಡಿತವನ್ನು ಬಿಡಿಸುವಾಗ

ಇದನ್ನೆಲ್ಲ ಓದಿದ ತಾಯಂದಿರು ಇಂದೇ ಮನೆಯ ಬಾಟಲಿಯನ್ನು ಒಡೆದು ಹಾಕಬೇಕೆಂದು ಹೊರಡಬಹುದು. ಸಂಕಲ್ಪ ಒಳ್ಳೆಯದೇ. ಆದರೆ ಹತ್ತಾರು ವರ್ಷ ನಿತ್ಯವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈನಡುಕ, ಬೆವರು, ನಿದ್ರಾಹೀನತೆ. ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳವು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದುದನ್ನು ಕಾಣುವ ಭ್ರಮೆ, ಉನ್ಮಾದ ಬರಬಹುದು. ಇದರಿಂದ ಪ್ರಾಣಹಾನಿಯೂ ಆಗಬಹುದು. ರೂಢಿಯಾದ ಅಹಿತವನ್ನು ಅಂಶ ಅಂಶವಾಗಿ ಬಿಡಬೇಕೆಂಬ ಕ್ರಮವನ್ನು ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ಹೇಳುತ್ತದೆ. ಇಂದು ವೈದ್ಯರು ನಿದ್ರೆ, ಶಾಂತಿ ನೀಡುವ ಔಷಧಿಗಳನ್ನು ಕೊಟ್ಟು ಕ್ರಮವಾಗಿ ಕಡಿಮೆ ಮಾಡುತ್ತ, ಬಿ-1 ಜೀವಸತ್ತ್ವದ ಚುಚ್ಚುಮದ್ದಿನೊಡನೆ ಕೆಲವೇ ದಿನಗಳಲ್ಲಿ ಸುರಕ್ಷಿತವಾಗಿ ಬಿಡಿಸುತ್ತಾರೆ.

ಇಳಕಲ್ಲಿನ ಶ್ರೀ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದುದು ನಮಗೆಲ್ಲ ತಿಳಿದಿದೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ಅಂತಹ ಜೋಳಿಗೆಗೆ ಚಟವನ್ನು ಹಾಕಿ ಬಂದವರನ್ನು ಮರುದಿನವೇ ವೈದ್ಯರ ಬಳಿಗೆ ಕರೆದೊಯ್ಯುವುದು ಮನೆಯವರ ಕೆಲಸ. ಸಂಕಲ್ಪ ಅವರದಾದರೆ ಅದು ನಿಲ್ಲುವಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಜಿಲ್ಲಾಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಇದಕ್ಕೆ ಚಿಕಿತ್ಸೆ ದೊರೆಯುತ್ತದೆ. ಸರ್ಕಾರದ ಟೆಲಿ-ಮಾನಸ್ ಉಚಿತ ದೂರವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಬಿಡಲು ಇನ್ನೂ ಒಪ್ಪದವರಿದ್ದರೂ ಅವರನ್ನು ಕೈಬಿಡಬೇಡಿ. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ, ಬೇಳೆ, ಸೊಪ್ಪು, ಹಾಲು ಅವರ ಹೊಟ್ಟೆ ಸೇರುವಂತೆ ನೋಡಿಕೊಳ್ಳಿ. ಬೂಷ್ಟು ಹಿಡಿದ ರೊಟ್ಟಿಯ ಮೇಲ್ಭಾಗವನ್ನು ಕೆರೆದು ಯಾರಿಗೂ ಬಡಿಸಬೇಡಿ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಹಬ್ಬಿರುತ್ತವೆ. ರಕ್ತದ ಸಕ್ಕರೆಯನ್ನೂ ಯಕೃತ್ತನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ.

ಆ ಎರಡು ಪ್ರಶ್ನೆಗಳು

ವೈದ್ಯರ ಮುಂದೆ ಕುಡಿತದ ಲೆಕ್ಕವನ್ನು ಮುಚ್ಚಿಡುವುದು ನಮ್ಮ ಮನೆಗಳಲ್ಲಿ ಮರ್ಯಾದೆಯ ವಿಷಯವಾಗಿದೆ. ಮಲದ ಬಣ್ಣವನ್ನು ಹೇಳಲು ನಾಚಿಕೆ. ಪತ್ನಿ ಕಂಡಿದ್ದರೂ ಪತಿಯ ಎದುರಿಗೆ ಆಡುವುದಿಲ್ಲ. ವೈದ್ಯರೂ ಸಂಕೋಚದಿಂದ ಕೇಳುವುದಿಲ್ಲ. ಈ ನಾಲ್ಕು ಮೌನಗಳ ನಡುವೆ ರೋಗಿಯ ದಿನಗಳು ಕಳೆದುಹೋಗುತ್ತವೆ.

ಅಂದಿನಿಂದ ಹೊಟ್ಟೆನೋವೆಂದು ಬರುವ ಪ್ರತಿಯೊಬ್ಬರನ್ನೂ, ಅವರು ಯಾರೇ ಆಗಿರಲಿ, ನಾನು ಈ ಎರಡು ಪ್ರಶ್ನೆಗಳನ್ನು ಕೇಳುತ್ತೇನೆ: ದಿನಕ್ಕೆ ಎಷ್ಟು ಕುಡಿಯುತ್ತೀರಿ? ಮಲದ ಬಣ್ಣ ಹೇಗಿದೆ? ಕೆಲವರು ಮುನಿಸಿಕೊಂಡು ಎದ್ದು ಹೋಗಿದ್ದಾರೆ. ಹೋದರೂ ಚಿಂತೆಯಿಲ್ಲ. ತಮ್ಮ ವೈದ್ಯರು ಈ ಪ್ರಶ್ನೆಗಳನ್ನು ಕೇಳದಿದ್ದರೆ ತಾವೇ ಮುಂದಾಗಿ ಹೇಳಿ ಎಂಬುದೇ ಈ ಲೇಖನದ ಮೂಲಕ ನನ್ನ ಬಿನ್ನಹ.